ಎದುರುಮನೆ ಮಿಸ್ ಮತ್ತು ಆ ಅರ್ಧ ಗಂಟೆ

ಅವರ ಬಲಗೈ ತೋರುಬೆರಳು ಗಿಣ್ಣಿನಿಂದಾಚೆ ಎಡಕ್ಕೆ ಸೊಟ್ಟಗಿತ್ತು. ಯಾರನ್ನಾದರೂ ಬೈಯಲು ಬೆರಳು ತೋರಿಸಿದರೆ ಅದು ಪಕ್ಕದವರ ಕಡೆ ತಿರುಗಿರುತ್ತಿತ್ತು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ಅಷ್ಟೂ ವರ್ಷ ತಪ್ಪು ಮಾಡಿದವನ ಪಕ್ಕದವನೇ ಎದ್ದು ನಿಲ್ಲುತ್ತಿದ್ದನಂತೆ. ಸಿದ್ಧಾರ್ಥನಗರದ ನಮ್ಮ ರಸ್ತೆಗೆಲ್ಲ ಅವರು ಮಿಸ್. ನಿವೃತ್ತರಾದ ಮೇಲೂ ಮಿಸ್ಸೇ. ಕಸದ ಗಾಡಿಯವರಿಗೆ ಹಸಿ ಕಸ, ಒಣ ಕಸದ ಪಾಠ, ಹೂವಿನವಳಿಗೆ ಮೊಳ ಹಾಕುವ ಪಾಠ, ಎದುರುಮನೆಯ ನನಗೆ ಎಲ್ಲದರ ಪಾಠ. ನಾನು ಒಗೆದು ಹರವಿದ ಬಟ್ಟೆಯನ್ನು ಬಂದು ತಿರುಗಿಸಿ ಹರವಿ ಹೋಗುತ್ತಿದ್ದರು. ಹೇಳಿದರೆ ಕೇಳುವ ಜಾತಿಯಲ್ಲ.

ನನಗೆ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಕೆಲಸ, ನಮ್ಮವರಿಗೆ ಇಲವಾಲದ ಆಚೆ ಕಾರ್ಖಾನೆಯಲ್ಲಿ. ಮೂರೂವರೆ ವರ್ಷದ ಮಗಳನ್ನು ಮಿಸ್ ಹತ್ತಿರ ಬಿಟ್ಟು ಹೋಗುತ್ತಿದ್ದೆ. ಆ ದಿನ ಅವಳಿಗೆ ಜ್ವರವಿತ್ತು. ಸಿರಪ್ ಕುಡಿಸಿ, ಇಳಿಯುತ್ತೆ ಅಂತ ಹೇಳಿ ಬಿಟ್ಟುಹೋದೆ. ಈ ಮಾತನ್ನು ಎಷ್ಟೋ ವರ್ಷ ನಾನು ಯಾರಿಗೂ ಹೇಳದೆ ನುಂಗಿಕೊಂಡಿದ್ದೆ.

ಮಧ್ಯಾಹ್ನ ಮಗುವಿಗೆ ಫಿಟ್ಸ್ ಬಂತು. ಮಿಸ್ ತಮಗೆ ಗೊತ್ತಿದ್ದುದನ್ನು ಮಾಡಿದರು. ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಇನ್ನೇನು ನಿಲ್ಲುತ್ತೆ ಅಂತ ಕಾದರು. ನನಗೆ ಫೋನ್ ಮಾಡಿದರು; ಡ್ಯೂಟಿಯಲ್ಲಿ ನಮ್ಮ ಫೋನು ಲಾಕರಿನಲ್ಲಿರುತ್ತದೆ. ಆಮೇಲೆ ಆಟೋ ಹಿಡಿದು ಆಸ್ಪತ್ರೆಗೆ ಓಡಿದರು. ಫಿಟ್ಸ್ ಎಷ್ಟು ಹೊತ್ತಿಂದ ಇದೆ ಅಂತ ಡಾಕ್ಟರು ಕೇಳಿದ್ದಕ್ಕೆ, ಐದು ನಿಮಿಷ ಇರಬಹುದು ಅಂದರಂತೆ. ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಇಂಜೆಕ್ಷನ್ ಕೊಟ್ಟರೂ ಬೇಗ ನಿಲ್ಲಲಿಲ್ಲ. ಐಸಿಯುನಲ್ಲಿ ನಾಲ್ಕು ದಿನ ಇದ್ದು ಹೊರಗೆ ಬಂದ ಮಗಳಿಗೆ ಮಾತೇ ಇರಲಿಲ್ಲ.

ಒಂದು ವಾರದ ಮೇಲೆ ಮಿಸ್ ವಾರ್ಡಿಗೆ ಬಂದು ಮಂಚದ ಕಾಲ ಬಳಿ ನಿಂತರು.

"ಐದು ನಿಮಿಷ ಅಲ್ಲ ಕಣಮ್ಮ. ನ್ಯೂಸ್ ಶುರುವಾದಾಗ ಬಂತು. ಅದು ಮುಗಿಯೋ ಹೊತ್ತಿಗೆ ನಾನು ಆಟೋ ಕರೆದೆ. ಅರ್ಧ ಗಂಟೆ. ಡಾಕ್ಟ್ರಿಗೂ ಈಗ ಹೇಳಿ ಬಂದೆ."

ಇನ್ನು ನಮ್ಮ ಮನೆ ಮೆಟ್ಟಿಲು ಹತ್ತಬೇಡಿ ಅಂದೆ. ಇನ್ನೂ ಏನೇನೋ ಅಂದೆ. ಅವರು ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡು ಹೋದರು. ಅವರು ಎದುರುತ್ತರ ಕೊಡದಿದ್ದುದು ಅದೊಂದೇ ದಿನ.

ಮಗಳು ಮನೆಗೆ ಬಂದ ಮಾರನೇ ಸಂಜೆ ನಾಲ್ಕು ಗಂಟೆಗೆ ಸ್ಲೇಟು ಹಿಡಿದು ಗೇಟಿನ ಬಳಿ ನಿಂತಿದ್ದರು. ನಾನು ಬಾಗಿಲು ಹಾಕಿಕೊಂಡೆ. ಮರುದಿನವೂ ಬಂದರು. ಮೆಟ್ಟಿಲು ಹತ್ತಬೇಡಿ ಅಂದಿದ್ದೆನಲ್ಲ, ಹತ್ತಲಿಲ್ಲ. ಮೆಟ್ಟಿಲ ಕೆಳಗೆ ಚಾಪೆ ಹಾಸಿಕೊಂಡು ಕೂತರು. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಮಗಳು ಕಿಟಕಿಯಿಂದ ನೋಡಿ "ಮಿ" ಅಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. ಅಮ್ಮ ಅಂತಲ್ಲ, ಮಿ ಅಂತ. ನನಗೆ ಸಂತೋಷವಾಗುವ ಬದಲು ಉರಿದುಹೋಯಿತು. ಆದರೂ ಬಾಗಿಲು ತೆಗೆದೆ.

ಆಮೇಲಿನ ಒಂಬತ್ತು ವರ್ಷ ಅವರು ಬಾರದ ಸಂಜೆಗಳನ್ನು ಬೆರಳಲ್ಲಿ ಎಣಿಸಬಹುದು. ಮಾತು ಒಂದೊಂದಾಗಿ ಮರಳಿತು, ಓದುವುದನ್ನೂ ಕಲಿತಳು. ಆದರೆ ಬಲಗೈ ಸ್ವಲ್ಪ ಸೋತೇ ಉಳಿಯಿತು. ನಿನ್ನೆ ಹೇಳಿದ ಮಗ್ಗಿ ಇವತ್ತಿಗೆ ಇಲ್ಲ. ಸಿಟ್ಟು ಬಂದರೆ ತಟ್ಟೆ ಹಾರುತ್ತಿತ್ತು. ಶಾಲೆಯವರು ಸೋಮಾರಿ ಅಂದರು, ನೆಂಟರು ಮುದ್ದು ಜಾಸ್ತಿಯಾಯಿತು ಅಂದರು. ನಾನಂತೂ, ನಿನ್ನೆ ಗೊತ್ತಿತ್ತಲ್ಲೇ, ಇವತ್ತು ಏನಾಯ್ತೇ ಅಂತ ಕಿರುಚುತ್ತಿದ್ದೆ. ಅದಕ್ಕೆ ಮಿಸ್ಸಿನ ಉತ್ತರ: "ನೆನ್ನೇದು ಬುಡಮ್ಮ. ಅವಳಿಗೆ ದಿನಾ ಹೊಸ ಪಾಠ ಅಂದ್ಕೊ. ನನಗೇನು, ದಿನಾ ಹೊಸದಾಗಿ ಹೇಳ್ತೀನಿ." ಲೋಕದಲ್ಲಿ ಯಾರ ಮೇಲೂ ಇಲ್ಲದ ತಾಳ್ಮೆ ಅವಳೊಬ್ಬಳ ಮೇಲಿತ್ತು. ಏಳು ಎಂಟ್ಲೆ ಐವತ್ತಾರು ಅನ್ನುವುದನ್ನು ಅವರ ಬಾಯಲ್ಲಿ ಸಾವಿರ ಸಲ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಇಷ್ಟಾಗಿದ್ದರೆ ಹೇಗೋ ಸಹಿಸುತ್ತಿದ್ದೆ. ಆದರೆ ಅವರು ಆ ಅರ್ಧ ಗಂಟೆಯ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಲು ಶುರುಮಾಡಿದರು. ಅಂಗನವಾಡಿಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಒಮ್ಮೆ ನಮ್ಮ ನಾದಿನಿ ಮಗುವಿನ ನಾಮಕರಣದಲ್ಲಿ, ಊಟದ ಎಲೆಯ ಮುಂದೆ. ಬೀಗದ ಕೈ ಹಿಡಿಸಬೇಡಿ, ಬಾಯಿಗೆ ಏನೂ ತುರುಕಬೇಡಿ, ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ, ನಾನು ಕಾದು ಕೂತು ಈ ಮಗುವನ್ನು ಹೀಗೆ ಮಾಡಿದೆ ಅನ್ನುತ್ತಿದ್ದರು. ನಾಮಕರಣದ ದಿನ ಹೋಳಿಗೆ ಬಡಿಸುವವರು ಕೈಯಲ್ಲಿ ತಟ್ಟೆ ಹಿಡಿದು ನಿಂತುಬಿಟ್ಟಿದ್ದರು. ಮಗಳು ಪಕ್ಕದಲ್ಲೇ ಊಟ ಮಾಡುತ್ತಿದ್ದಳು. ಮನೆಗೆ ಬಂದ ಮೇಲೆ ಜಗಳವಾಡಿದೆ. ನಿಮ್ಮ ಪಾಪ ತೊಳೆದುಕೊಳ್ಳುವುದಕ್ಕೆ ನನ್ನ ಮಗಳನ್ನು ಪ್ರದರ್ಶನಕ್ಕಿಡಬೇಡಿ ಅಂದೆ. ಅವರು, ಇನ್ನು ಮೇಲೆ ಅವಳ ಎದುರು ಹೇಳುವುದಿಲ್ಲ ಅಂದರು. ಹೇಳುವುದನ್ನೇ ಬಿಡುತ್ತೇನೆ ಅನ್ನಲಿಲ್ಲ.

ನಾನು ಮಾಡಿದ ತಪ್ಪೂ ಒಂದಿದೆ. ಮಗಳಿಗೆ ಆರು ವರ್ಷವಾದಾಗ ನಾನು ಡಾಕ್ಟರನ್ನು ನೇರವಾಗಿ ಕೇಳಿದ್ದೆ: ಆ ಅರ್ಧ ಗಂಟೆಯಿಂದಲೇ ಹೀಗಾಯಿತಾ? ಅವರು ಸಮಾಧಾನವಾಗಿ ಹೇಳಿದರು. ಮಿದುಳಿಗೇ ಸೋಂಕು ತಗುಲಿತ್ತು, ಫಿಟ್ಸ್ ಬಂದದ್ದೂ ಅದರಿಂದಲೇ. ಮೊದಲ ನಿಮಿಷಕ್ಕೇ ಕರೆತಂದಿದ್ದರೂ ಹೀಗೇ ಆಗುತ್ತಿತ್ತೋ ಏನೋ. ತಡವಾಗಿದ್ದೂ ಒಳ್ಳೆಯದಲ್ಲ. ಯಾವುದರಿಂದ ಎಷ್ಟು ಅಂತ ಯಾರೂ ಬಿಡಿಸಿ ಹೇಳಲಾರರು. ಆ ಉತ್ತರ ತೆಗೆದುಕೊಂಡು ನಾನೇನು ಮಾಡಲಿ? ದೂರುವುದಕ್ಕೆ ಒಬ್ಬರು ಬೇಕಿತ್ತು. ಹಾಗಾಗಿ ಮಿಸ್ಸಿಗೆ ಅದನ್ನು ಹೇಳಲೇ ಇಲ್ಲ. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ದಿನಾ ಸಂಜೆ ಕಾಫಿ ಕೊಡುತ್ತಿದ್ದೆ, ಇದನ್ನು ಮಾತ್ರ ಕೊಡಲಿಲ್ಲ.

ಕೊನೆಗೊಂದು ದಿನ ಅವರು ಬಿಸಿಲಲ್ಲಿ ಶಾಲೆಗೆ ನಡೆದುಹೋಗಿ, ಇವಳು ಸೋಮಾರಿ ಅಲ್ಲ ಅಂತ ಹೆಡ್‌ಮಾಸ್ಟರ ಹತ್ತಿರ ಜಗಳವಾಡಿ, ಪರೀಕ್ಷೆಗೆ ಹೆಚ್ಚು ಹೊತ್ತು ಕೊಡುವಂತೆ ಒಪ್ಪಿಸಿ, ಕಾಲು ಊದಿಸಿಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕೂತರು. ನನಗೆ ತಡೆಯಲಾಗಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಯಾವಾಗ ಹೇಳಿದ್ದರು ಅನ್ನುವುದನ್ನೂ ಹೇಳಿದೆ. ಬೈಯಲಿ ಅಂತ ಕಾದೆ.

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಸೋಂಕು ಯಾರದೋ ಏನೋ ಕಣಮ್ಮ. ಆ ಅರ್ಧ ಗಂಟೆ ಮಾತ್ರ ನಂದೇ," ಅಂದರು. ಆಮೇಲೆ, ಕಾಫಿಗೆ ಸಕ್ಕರೆ ಜಾಸ್ತಿಯಾಗಿದೆ ಅಂತ ತಗಾದೆ ತೆಗೆದರು.

ಹೋದ ವರ್ಷ ಒಂದು ಬೆಳಿಗ್ಗೆ ಎದೆನೋವು ಅಂದವರು ಮಧ್ಯಾಹ್ನದೊಳಗೆ ಹೋಗಿಬಿಟ್ಟರು. ಮಗಳಿಗೀಗ ಹದಿಮೂರು. ತನಗಿಂತ ಚಿಕ್ಕವರ ಜೊತೆ ಆರನೇ ತರಗತಿಯಲ್ಲಿದ್ದಾಳೆ. ದಿನಕ್ಕೆ ಎರಡು ಹೊತ್ತು ಮಾತ್ರೆ. ವರ್ಷಕ್ಕೆ ಒಂದೋ ಎರಡೋ ಸಲ ಫಿಟ್ಸ್ ಬಂದೇ ಬರುತ್ತದೆ. ಪೇಪರಿನ ತಲೆಬರಹಗಳನ್ನು ಗಟ್ಟಿಯಾಗಿ ಓದುತ್ತಾಳೆ. ಮುಂದೇನು ಅಂತ ಯಾರಾದರೂ ಕೇಳಿದರೆ ಸಿಟ್ಟು ಬರುತ್ತದೆ. ಸಂಜೆ ಚಾಪೆಯ ಮೇಲೆ ಈಗ ನಾನು ಕೂರುತ್ತೇನೆ. ಅವರಷ್ಟು ತಾಳ್ಮೆ ನನಗಿಲ್ಲ. ದಿನಾ ಸೋಲುತ್ತೇನೆ.

ಕಳೆದ ತಿಂಗಳು ಅಂಗನವಾಡಿ ಟೀಚರು ಮನೆಗೆ ಬಂದರು. ಮಿಸ್ ಪ್ರತಿ ವರ್ಷ ಹೊಸ ತಾಯಂದಿರಿಗೆ ಹೇಳುತ್ತಿದ್ದರಲ್ಲ, ಈ ಸಲ ನೀವು ಬನ್ನಿ ಅಂದರು. ಆಗಲ್ಲ ಅಂದೆ. ಆದರೂ ಹೋದೆ. ಮಗಳ ಜ್ವರದಿಂದ ಶುರುಮಾಡಿದೆ. ಜ್ವರವಿದ್ದ ಮಗುವನ್ನು ನಾನು ಬಿಟ್ಟುಹೋದೆ ಅಂದೆ. ಬೀಗದ ಕೈ, ಈರುಳ್ಳಿ, ಕಾದ ಅರ್ಧ ಗಂಟೆ, ಎಲ್ಲ ಹೇಳಿದೆ.

ಕಂಕುಳಲ್ಲಿ ಮಗುವಿದ್ದ ಒಬ್ಬಳು ತಡೆಯಲಾರದೆ ಕೇಳಿದಳು: "ಅಷ್ಟೊತ್ತು ಸುಮ್ನೆ ಕೂತಿದ್ದೋರು ಯಾರಕ್ಕ?"

ಒಂಬತ್ತು ವರ್ಷ ನಾನು ಈ ಪ್ರಶ್ನೆಗೆ ಎದುರುಮನೆಯವರು ಅಂತಲೇ ಉತ್ತರ ಕೊಟ್ಟಿದ್ದೆ.

"ನಮ್ಮ ಮನೆಯವರೇ, ನಮ್ಮ ಮಿಸ್," ಅಂದೆ.