ನನ್ನ ಗಾಡಿಗೆ ಚಕ್ರ ಎಷ್ಟು?

ಕಾಲೇಜಿನ ಗೇಟಿನಿಂದ ಕ್ಲಾಸಿಗೆ ಎಷ್ಟು ದೂರ ಎಂದು ಕೇಳಿದರೆ ಬೇರೆ ಮೇಷ್ಟ್ರುಗಳು ‘ಇಲ್ಲೇ ಅಲ್ವಾ’ ಎನ್ನುತ್ತಾರೆ. ಅವರಿಗೆ ಅದು ಇಲ್ಲೇ. ನನಗೆ ಎರಡು ವರ್ಷವಾಗಿದ್ದಾಗ ಪೋಲಿಯೊ ಬಂದು ಎಡಗಾಲಿನ ಬಲ ಹೋಯಿತು. ಅಂದಿನಿಂದ ಆ ಕಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಕೈಗೊಂದು ಕೋಲು. ಅಷ್ಟು ಇದ್ದರೆ ಮನೆಯೊಳಗೂ ಕ್ಲಾಸಿನೊಳಗೂ ನಾನು ಯಾರ ಹಂಗಿಲ್ಲದೆ ಓಡಾಡುತ್ತೇನೆ. ಅದರಾಚೆಗೆ ನನಗೆ ಗಾಡಿಯೇ ಕಾಲು.

ಆ ಗಾಡಿ ಹೇಗಿತ್ತೆಂದು ಮೊದಲೇ ಹೇಳಿಬಿಡಬೇಕು, ಮುಂದಿನ ರಗಳೆಯೆಲ್ಲ ಅದರಿಂದಲೇ. ಗೇರಿಲ್ಲದ ಒಂದು ಸ್ಕೂಟರು. ಮುಂದೆ ಒಂದು ಚಕ್ರ, ಹಿಂದೆ ಒಂದು. ಬೀಳದಿರಲೆಂದು ಹಿಂದಿನ ಚಕ್ರದ ಎಡಕ್ಕೊಂದು ಬಲಕ್ಕೊಂದು ಸಣ್ಣ ಚಕ್ರ. ಹಾಸನದ ಒಬ್ಬ ಮೆಕ್ಯಾನಿಕ್ ಕೂರಿಸಿಕೊಟ್ಟದ್ದು. ಒಟ್ಟು ನಾಲ್ಕು. ನಾನು ಗಣಿತ ಕಲಿಸುವವಳು, ಇಷ್ಟು ಚಿಕ್ಕ ಎಣಿಕೆಯಲ್ಲಿ ತಪ್ಪಲಾರೆ. ಆದರೆ ಜನ ಸರಿಯಾಗಿ ನೋಡುವುದೇ ಇಲ್ಲ. ಪಕ್ಕದವೆರಡು, ಮುಂದಿನದೊಂದು ಕಣ್ಣಿಗೆ ಬಿದ್ದ ಕೂಡಲೇ ‘ಮೂರು ಚಕ್ರದ ಗಾಡಿ’ ಎಂದುಬಿಡುತ್ತಾರೆ. ಹಿಂದೆ ನಡುವಿನಲ್ಲಿರುವ ಚಕ್ರ, ಇಡೀ ಗಾಡಿಯನ್ನು ತಳ್ಳುವುದೇ ಅದು, ಪಾಪ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನನ್ನ ಮೊದಲ ಕೆಲಸ ಹಳೇಬೀಡಿನಲ್ಲಿ. ನಮ್ಮೂರು ಮಾದಿಹಳ್ಳಿಯಿಂದ ಈ ಗಾಡಿಯಲ್ಲೇ ಹೋಗಿ ಬರುತ್ತಿದ್ದೆ. ನಾನು ಕಲಿಸುತ್ತಿದ್ದ ಜೂನಿಯರ್ ಕಾಲೇಜಿನಲ್ಲಿ ಗಾಡಿ ನಿಲ್ಲಿಸುವುದಕ್ಕೆ ಯಾವ ನಿಯಮವೂ ಇರಲಿಲ್ಲ. ಹೊಂಗೆ ಮರದ ಕೆಳಗೆ ಯಾರದೋ ಎಮ್ಮೆ ಮಲಗಿರುತ್ತಿತ್ತು. ಅದು ಎದ್ದು ಹೋದರೆ ಆ ಜಾಗ ನನ್ನದು, ಏಳದಿದ್ದರೆ ಪಕ್ಕದ ಜಾಗ ನನ್ನದು. ಎಮ್ಮೆಗೂ ನನಗೂ ಒಂದು ದಿನವೂ ತಕರಾರು ಬರಲಿಲ್ಲ.

ತಕರಾರು ಶುರುವಾದದ್ದು ಅರಸೀಕೆರೆಯಲ್ಲಿ. ಅಲ್ಲಿನ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಊರಲ್ಲೇ ಮನೆ ಮಾಡಿ ಅಮ್ಮನನ್ನೂ ಕರೆದುಕೊಂಡು ಬಂದೆ. ಕಾಲೇಜು ನಡೆಸುತ್ತಿದ್ದವರು ಕೊಬ್ಬರಿ ವ್ಯಾಪಾರದ ಹಿರಿಯರು. ಹಳೆಯ ತೆಂಗಿನ ತೋಟವೊಂದರಲ್ಲಿ ಎದ್ದ ಕಾಲೇಜು. ಗೇಟು ಈ ಕೊನೆಗೆ, ಕಟ್ಟಡ ಆ ಕೊನೆಗೆ, ನಡುವೆ ಆಟದ ಮೈದಾನ. ನಾನು ಗಾಡಿಯಲ್ಲೇ ಗೇಟು ದಾಟಿ, ಮೈದಾನದ ಅಂಚಿನ ದಾರಿಯಲ್ಲಿ ಸಾಗಿ, ಕಟ್ಟಡದ ಪೋರ್ಟಿಕೊ ಪಕ್ಕ ನಿಲ್ಲಿಸುತ್ತಿದ್ದೆ. ಅಲ್ಲಿಂದ ಕ್ಲಾಸಿಗೆ ನಾಲ್ಕಾರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇತ್ತು. ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು.

ಮೂರನೆಯ ವರ್ಷ ನಮ್ಮ ಪ್ರಿನ್ಸಿಪಾಲರು ಯಾವುದೋ ಕಾರ್ಯಾಗಾರಕ್ಕೆಂದು ಯೂನಿವರ್ಸಿಟಿಗೆ ಹೋಗಿ ಬಂದರು. ಇಡೀ ಕಾಲೇಜಿನಲ್ಲಿ ಮೊಬೈಲ್ ಫೋನು ಅವರೊಬ್ಬರ ಸೊಂಟದಲ್ಲಿ ಮಾತ್ರ ಇದ್ದ ಕಾಲ ಅದು. ಅಲ್ಲಿ ಬೇರೇನು ಕಲಿತರೋ ಕಾಣೆ, ರಸ್ತೆಯ ಬೋರ್ಡುಗಳನ್ನು ಮಾತ್ರ ಚೆನ್ನಾಗಿ ನೋಡಿಕೊಂಡು ಬಂದಿದ್ದರು. ಒನ್ ವೇ, ನೋ ಪಾರ್ಕಿಂಗ್, ಅಲ್ಲಿ ತಿರುಗಬೇಡಿ, ಇಲ್ಲಿ ಹಾರ್ನ್ ಮಾಡಬೇಡಿ. ಯೂನಿವರ್ಸಿಟಿಯಲ್ಲಿ ಅಷ್ಟೊಂದು ವಾಹನ ಓಡಾಡುತ್ತವೆ, ಅಲ್ಲಿಗೆ ಬೇಕು. ನಮ್ಮಲ್ಲಿ ಇದ್ದದ್ದು ಮೇಷ್ಟ್ರುಗಳ ಒಂದಷ್ಟು ಸ್ಕೂಟರು, ಹುಡುಗರ ಸೈಕಲ್ಲು, ಪ್ರಿನ್ಸಿಪಾಲರ ಒಂದು ಕಾರು, ಕಾಯಿ ಕೀಳಿಸುವ ದಿನ ಬರುವ ಒಂದು ಎತ್ತಿನ ಗಾಡಿ. ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತಂತೆ. ನಮ್ಮಲ್ಲಿ ಆ ಬರೆ ಬಿದ್ದದ್ದು ನನ್ನ ಮೇಲೆ.

ಜುಲೈ ತಿಂಗಳ ಒಂದು ಸೋಮವಾರ ಗೇಟಿನ ಬಳಿ ಹೊಸ ಬೋರ್ಡು ನಿಂತಿತ್ತು. ದ್ವಿಚಕ್ರ ವಾಹನಗಳು ಗೇಟಿನ ಪಕ್ಕದ ಶೆಡ್ಡಿನಲ್ಲಿ. ನಾಲ್ಕು ಚಕ್ರದ ವಾಹನಗಳು ಪೋರ್ಟಿಕೊ ಬಳಿ. ತ್ರಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಈ ಕೊನೆಯದು ಆಟೊಗಳಿಗಾಗಿ. ಹುಡುಗಿಯರನ್ನು ಇಳಿಸುವ ನೆಪದಲ್ಲಿ ಅವು ಒಳಗೆ ಬಂದು ಕ್ಲಾಸಿನ ಕಿಟಕಿ ಕೆಳಗೆ ಹಾಡು ಹಾಕಿಕೊಂಡು ನಿಲ್ಲುತ್ತಿದ್ದುದು ನಿಜ, ಅದನ್ನು ತಡೆದದ್ದು ನನಗೂ ಸಂತೋಷವೇ. ಇನ್ನೊಂದು ಬೋರ್ಡಿನಲ್ಲಿ ಒನ್ ವೇ ಎಂದು ಬಾಣ ಬರೆಸಿದ್ದರು, ಇದ್ದದ್ದೇ ಒಂದು ದಾರಿಗೆ. ಹಾಗಾದರೆ ಒಳಗೆ ಹೋದವರು ಹೊರಗೆ ಬರುವುದು ಹೇಗೆ ಎಂದು ಯಾರೋ ಕೇಳಿದರು. ಅದನ್ನು ಇನ್ನೂ ಯೋಚಿಸಬೇಕು ಎಂದರು ಪ್ರಿನ್ಸಿಪಾಲರು.

ವಾಚ್‌ಮನ್ ನನ್ನ ಗಾಡಿಯನ್ನು ಮೊದಲು ಶೆಡ್ಡಿಗೆ ಬಿಡಿಸಿದ. ಅಲ್ಲಿ ಒಂದೊಂದು ಸ್ಕೂಟರಿಗೂ ಅಳತೆ ಮಾಡಿ ಕಬ್ಬಿಣದ ಪೈಪು ನೆಟ್ಟಿದ್ದರು. ನನ್ನ ಗಾಡಿಯ ಮುಂಭಾಗ ಒಳಗೆ ಹೋಯಿತು, ಹಿಂಭಾಗ ಸಿಕ್ಕಿಕೊಂಡಿತು. ಎಳೆದು ಬಿಡಿಸಲು ಇಬ್ಬರು ಬರಬೇಕಾಯಿತು. ವಾಚ್‌ಮನ್ ತಲೆ ಕೆರೆದುಕೊಂಡು ಬೋರ್ಡಿನ ಕಡೆ ನೋಡಿದ.

“ಎಲ್ಡು ಚಕ್ರದ್ದಲ್ಲ ಅಂದ್ಮೇಲೆ ಇದು ಮೂರು ಚಕ್ರದ್ದೇಯ. ಒಳಿಕ್ಕೆ ಬಿಡಂಗಿಲ್ಲ. ನಂದೇನೈತೆ ಮೇಡಮ್ಮೋರೆ, ಪಿನ್ಸಿಪಾಲ್ರು ಹೇಳವ್ರೆ.”

ಗಾಡಿ ಗೇಟಿನ ಹೊರಗೆ ಬೀಡಾ ಅಂಗಡಿಯ ಪಕ್ಕ ನಿಂತಿತು. ನಾನು ನಡೆದೆ. ಯಾವುದೋ ಸಮಿತಿ ಕಾಲೇಜನ್ನು ನೋಡಲು ಬರುತ್ತದೆಂದು ದಾರಿಗೆಲ್ಲ ಹೊಸ ಜಲ್ಲಿ ಸುರಿಸಿದ್ದರು. ಜಲ್ಲಿಯ ಮೇಲೆ ಕೋಲು ಊರಿದರೆ ಜಾರುತ್ತದೆ, ಕ್ಯಾಲಿಪರಿನ ಬೂಟು ಇಟ್ಟರೆ ಹೊರಳುತ್ತದೆ. ನನ್ನದು ದಿನದ ಮೊದಲ ಪೀರಿಯಡ್ಡು, ಕೊನೆಯ ವರ್ಷದ ಬಿ.ಎಸ್ಸಿ. ಗಣಿತ. ಗಂಟೆ ಹೊಡೆದು ಕಾಲು ಗಂಟೆ ಕಳೆದ ಮೇಲೆ ಕ್ಲಾಸಿನ ಬಾಗಿಲಿಗೆ ಬಂದಾಗ ರವಿಕೆಯೆಲ್ಲ ಬೆವರು, ಮಾತಾಡಲು ಉಸಿರಿಲ್ಲ. ಬೇಗ ಹೊರಟೂ ನೋಡಿದೆ. ಬೇಗ ಹೋದರೆ ಗೇಟೇ ತೆಗೆದಿರುತ್ತಿರಲಿಲ್ಲ. ಯಾರದಾದರೂ ಸ್ಕೂಟರಿನ ಹಿಂದೆ ಕೂತು ಹೋಗೋಣವೆಂದರೆ ಅವೂ ಶೆಡ್ಡು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಪ್ರಿನ್ಸಿಪಾಲರ ಕಾರು ಬರುತ್ತಿದ್ದುದು ಎರಡನೆಯ ಪೀರಿಯಡ್ಡಿನ ಹೊತ್ತಿಗೆ.

ಅವರ ರೂಮಿಗೆ ಹೋದೆ. ಅವರು ಒಳ್ಳೆಯವರು, ತೊಂದರೆಯಿದ್ದದ್ದೇ ಅದರಲ್ಲಿ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು, ಕಾಫಿ ತರಿಸಿದರು.

“ನಿಮ್ಮ ಕಷ್ಟ ನನಗೆ ಅರ್ಥ ಆಗಲ್ವಾ ಮೇಡಮ್? ಆದ್ರೆ ಇವತ್ತು ನಿಮ್ಮ ಮೂರು ಚಕ್ರದ ಗಾಡಿ ಬಿಟ್ರೆ ನಾಳೆ ಆಟೊದವ್ರು ಬಂದು ನಮ್ದನ್ಯಾಕೆ ಬಿಡಲ್ಲ ಅಂತ ಕೂತ್ಕೋತಾರೆ.”

“ಸರ್, ನನ್ನ ಗಾಡಿಗೆ ನಾಲ್ಕು ಚಕ್ರ ಇದೆ.”

“ನಾಲ್ಕು ಚಕ್ರ ಅಂದ್ರೆ ಕಾರು, ಜೀಪು ಅಂತ ಮೇಡಮ್.” ಸ್ವಲ್ಪ ಯೋಚಿಸಿ, ಮುಖ ಅರಳಿಸಿ ಹೇಳಿದರು: “ಒಂದು ಕೆಲಸ ಮಾಡೋಣ. ಎನ್‌ಸಿಸಿ ಹುಡುಗರಿಗೆ ಹೇಳ್ತೀನಿ. ದಿನಾ ಗೇಟಿಂದ ಕುರ್ಚೀಲಿ ಕೂರಿಸ್ಕೊಂಡು ಎತ್ಕೊಂಡು ಬರ್ತಾರೆ. ಪುಣ್ಯದ ಕೆಲಸ, ಬೇಡ ಅನ್ನಲ್ಲ.”

ನನಗೆ ಮೈಯೆಲ್ಲ ಉರಿಯಿತು. ನನ್ನ ಕೈಯಲ್ಲಿ ಲೆಕ್ಕ ಕಲಿಯಬೇಕಾದ ಹುಡುಗರು ನನ್ನನ್ನು ಕುರ್ಚಿಯ ಮೇಲೆ ಹೊತ್ತುಕೊಂಡು ಮೈದಾನ ದಾಟಬೇಕು, ಇಳಿಸಿದ ಮೇಲೆ ನಾನು ಅವರಿಗೆ ಸದ್ದು ಮಾಡಬೇಡಿ ಎಂದು ಗದರಬೇಕು. ಪುಣ್ಯವೆಲ್ಲ ಅವರಿಗೆ, ನನಗೇನು ಉಳಿಯುತ್ತದೆ ಎಂದು ಈ ಮನುಷ್ಯ ಯೋಚಿಸಲೇ ಇಲ್ಲ.

“ನನ್ನನ್ನ ಯಾರೂ ಹೊರೋದು ಬೇಡ ಸರ್. ನನ್ನ ಗಾಡೀನ ಒಳಗೆ ಬಿಡಿ, ಸಾಕು” ಎಂದು ಕಾಫಿ ಬಿಟ್ಟು ಎದ್ದು ಬಂದೆ.

ಆಮೇಲೆ ಇಡೀ ಕಾಲೇಜಿನ ಕರುಣೆ ನನ್ನ ಮೇಲೆ ಹರಿಯತೊಡಗಿತು. ಬಿಕ್ಕೋಡಿನ ಕಡೆಯ ನಾಟಿ ವೈದ್ಯರೊಬ್ಬರ ಎಣ್ಣೆ ತಂದುಕೊಟ್ಟವರೊಬ್ಬರು. ನನ್ನ ಪರವಾಗಿ ದೇವರಿಗೆ ಹರಕೆ ಹೊತ್ತವರೊಬ್ಬರು. ಚಂದಾ ಎತ್ತಿ ವೀಲ್ ಚೇರು ಕೊಡಿಸುತ್ತೇವೆಂದರು ಇನ್ನೊಬ್ಬರು. ಜಲ್ಲಿಯ ಮೇಲೆ ವೀಲ್ ಚೇರು ಹೇಗೆ ಉರುಳುತ್ತದೆಂದು ನಾನು ಕೇಳಿದ್ದಕ್ಕೆ ಅವರಿಗೆ ಬೇಜಾರಾಯಿತು. ಎಲ್ಲರೂ ಎಲ್ಲವನ್ನೂ ಕೊಡಲು ತಯಾರು, ದಾರಿಯೊಂದನ್ನು ಬಿಟ್ಟು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯ ಹಿಂದಿ ಮೇಡಮ್ ನನಗೆ ತೀರ ಹತ್ತಿರದವರು. ಅವರೂ ಒಂದು ಉಪಾಯ ಹೇಳಿದರು.

“ಹಿಂಗೆ ಹಾರಾಡಬೇಡಿ ಕಣ್ರೀ. ಒಂದ್ಸಲ ಹೋಗಿ ಅವ್ರ ಮುಂದೆ ಕಣ್ಣೀರು ಹಾಕಿಬಿಡಿ, ಕೆಲಸ ಆಗೋಗುತ್ತೆ.”

“ಪಾರ್ಕಿಂಗಿಗೋಸ್ಕರ ಅಳಕ್ಕೆ ನನಗೆ ಬರಲ್ಲ ಕಣ್ರೀ” ಎಂದೆ.

ಮೂರು ತಿಂಗಳು ಹೀಗೇ ನಡೆದೆ. ಮಳೆ ಬಂದ ದಿನ ಒಂದು ಸಲ ಬಿದ್ದೆ. ಮೊಣಕೈ ತರಚಿದ್ದಕ್ಕಿಂತ, ಎತ್ತಲು ಓಡಿ ಬಂದ ಹುಡುಗಿಯರ ಮುಖ ನೋಡಿ ಹೆಚ್ಚು ನೋವಾಯಿತು. ದಸರಾ ರಜೆ ಹತ್ತಿರ ಬಂದಾಗ ಪ್ರಿನ್ಸಿಪಾಲರು ಕರೆಸಿದರು. ಮತ್ತೆ ಕುರ್ಚಿ, ಮತ್ತೆ ಕಾಫಿ.

“ಮೇಡಮ್, ಫೈನಲ್ ಇಯರ್ ಮಕ್ಕಳ ಪಾಠ ಹಿಂದೆ ಬಿದ್ದಿದೆ. ತಪ್ಪು ನಿಮ್ದು ಅಂತ ನಾನು ಹೇಳ್ತಿಲ್ಲ. ರಜೆ ಮುಗಿದ ಮೇಲೆ ಆ ಕ್ಲಾಸನ್ನ ಪಾರ್ಟ್ ಟೈಮ್‌ನವ್ರಿಗೆ ಕೊಡ್ತೀನಿ. ನೀವು ಲೈಬ್ರರಿ ನೋಡ್ಕೊಳ್ಳಿ. ಆರಾಮಾಗಿ ಕೂತಿರಬಹುದು.”

ನಾನು ಅರಸೀಕೆರೆಗೆ ಬಂದ ವರ್ಷವೇ ಕಾಲೇಜು ಸೇರಿದ ಮಕ್ಕಳು ಅವರು. ಅರ್ಧ ಜನ ಬಾಣಾವರದ ಕಡೆಯಿಂದ ರೈಲಿನಲ್ಲಿ ಬರುವವರು. ಇಂಟಿಗ್ರೇಷನ್ ಎಂದರೆ ನಡುಗುತ್ತಿದ್ದವರು ಈಗ ಬೋರ್ಡಿನ ಮೇಲೆ ನನ್ನ ತಪ್ಪನ್ನೇ ಹಿಡಿಯುವಷ್ಟು ಬೆಳೆದಿದ್ದರು. ಅವರನ್ನು ಬಿಟ್ಟು ಲೈಬ್ರರಿಯಲ್ಲಿ ಕೂರುವುದು ನನಗೆ ಆರಾಮವಂತೆ. ಅಂದು ಮನೆಗೆ ಬಂದು, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅಮ್ಮನ ಮೇಲೆ ರೇಗಿದೆ. ಉಪ್ಪು ಸರಿಯಾಗೇ ಇತ್ತು.

ರಜೆಗೆ ಮುಂಚಿನ ಕೊನೆಯ ದಿನ ಕಾಲೇಜಿನಲ್ಲಿ ಆಯುಧಪೂಜೆ. ಲ್ಯಾಬಿನ ತಕ್ಕಡಿ, ಆಫೀಸಿನ ಟೈಪ್‌ರೈಟರು, ಗಂಟೆ ಹೊಡೆಯುವ ಕಬ್ಬಿಣದ ತುಂಡು, ಎಲ್ಲಕ್ಕೂ ಕುಂಕುಮ. ವಾಹನಗಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ವಾಚ್‌ಮನ್ ತಾನಾಗಿ ನನ್ನ ಬಳಿ ಬಂದ.

“ಗಾಡಿ ತರ್ರಿ ಮೇಡಮ್ಮೋರೆ. ಇವತ್ತು ಪೂಜೆ, ರೂಲ್ಸು ಗೀಲ್ಸು ಏನೂ ಇಲ್ಲ.”

ಮೂರು ತಿಂಗಳು ಹೊರಗೆ ನಿಂತ ಗಾಡಿಗೆ ಒಂದು ದಿನದ ಮರ್ಯಾದೆ. ಬೇಡ ಎನ್ನಬೇಕೆಂದುಕೊಂಡೆ, ಆದರೆ ನನ್ನ ಸಿಟ್ಟಿಗೆ ಗಾಡಿ ಯಾಕೆ ಪೂಜೆ ತಪ್ಪಿಸಿಕೊಳ್ಳಬೇಕೆಂದು ಒಳಗೆ ತಂದು ಪ್ರಿನ್ಸಿಪಾಲರ ಕಾರಿನ ಪಕ್ಕ ನಿಲ್ಲಿಸಿದೆ. ಚೆಂಡುಹೂವಿನ ಹಾರ ಬಿತ್ತು, ಬೂದುಗುಂಬಳ ಒಡೆದರು. ಆಡಳಿತ ಮಂಡಳಿಯ ಅಧ್ಯಕ್ಷರಾದ ಕೊಬ್ಬರಿ ಮಂಡಿಯ ಯಜಮಾನರು ಮಂಗಳಾರತಿ ತೆಗೆದುಕೊಂಡು ನಿಂತಿದ್ದರು. ವಾಚ್‌ಮನ್ ಬುಟ್ಟಿಯಿಂದ ನಿಂಬೆಹಣ್ಣು ತೆಗೆದು ಒಂದೊಂದು ಗಾಡಿಯ ಚಕ್ರದ ಕೆಳಗೂ ಇಡುತ್ತಾ ಬಂದ. ಸ್ಕೂಟರುಗಳಿಗೆ ಎರಡೆರಡು, ಕಾರಿಗೆ ನಾಲ್ಕು. ನನ್ನ ಗಾಡಿಗೆ ಬಂದು ಮುಂದಿನ ಚಕ್ರಕ್ಕೊಂದು ಇಟ್ಟ, ಪಕ್ಕದವಕ್ಕೆ ಒಂದೊಂದು. ಎದ್ದು ಎರಡು ಹೆಜ್ಜೆ ಹೋದವನು ಏನೋ ನೆನಪಾಗಿ ಹಿಂದಕ್ಕೆ ಬಂದು, ಬಗ್ಗಿ, ನಡುವಿನ ಚಕ್ರದ ಕೆಳಗೂ ಒಂದನ್ನು ತಳ್ಳಿದ.

“ಎಷ್ಟಿಟ್ಟೆಯಪ್ಪಾ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

“ನಾಕು ಮೇಡಮ್ಮೋರೆ. ಒಂದು ಚಕ್ರ ಬಿಟ್ರೂ ಆಗಾಕಿಲ್ಲ, ದೃಷ್ಟಿ ಆಯ್ತದೆ.”

“ಸರ್,” ಎಂದು ಪ್ರಿನ್ಸಿಪಾಲರ ಕಡೆ ತಿರುಗಿದೆ, “ನಿಮ್ಮ ಕಾರಿಗೂ ನಾಲ್ಕು, ನನ್ನ ಗಾಡಿಗೂ ನಾಲ್ಕು. ನಾಲ್ಕು ಚಕ್ರದ್ದು ಎಲ್ಲಿ ನಿಲ್ಲಬೇಕು ಅಂತ ನಿಮ್ಮ ಬೋರ್ಡಲ್ಲಿದೆ?”

ಅವರು ನಕ್ಕರು. “ಅಯ್ಯೋ ಮೇಡಮ್, ಅದು ಪೂಜೆ, ಇದು ಅಡ್ಮಿನಿಸ್ಟ್ರೇಷನ್. ಎರಡನ್ನೂ ಯಾಕೆ ಸೇರಿಸ್ತೀರಿ?”

“ಹಾಗಾದ್ರೆ ಒಂದು ನಿಂಬೆಹಣ್ಣು ಜಾಸ್ತಿಯಾಯ್ತು. ಯಾವುದು ಅಂತ ನೀವೇ ನೋಡಿ ತೆಗೆದುಬಿಡಿ ಸರ್. ಮೂರೇ ಇರಲಿ.”

ಆಯುಧಪೂಜೆಯ ದಿನ, ಕರ್ಪೂರ ಇನ್ನೂ ಉರಿಯುತ್ತಿರುವಾಗ, ಚಕ್ರದ ಕೆಳಗಿಟ್ಟ ನಿಂಬೆಹಣ್ಣನ್ನು ಕೈಯಾರೆ ತೆಗೆಯುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಗಣಿತದ ಯಾವ ಪ್ರಮೇಯದಿಂದಲೂ ಆಗದ ಕೆಲಸ ಅದರಿಂದ ಆಯಿತು. ಪ್ರಿನ್ಸಿಪಾಲರು ಬಗ್ಗಿ ನನ್ನ ಗಾಡಿಯ ಕೆಳಗೆ ನೋಡಿದರು. ಮೂರು ತಿಂಗಳಲ್ಲಿ ಮೊದಲ ಸಲ ನೋಡಿದ್ದು. ಕೈ ಮುಂದಕ್ಕೆ ಬರಲಿಲ್ಲ.

“ಏನ್ರೀ ಪ್ರಿನ್ಸಿಪಾಲ್ರೆ,” ಎಂದರು ಅಧ್ಯಕ್ಷರು ವಿಭೂತಿಯ ಹಣೆ ಒರೆಸಿಕೊಳ್ಳುತ್ತಾ, “ದೇವ್ರ ಮುಂದೆ ನಾಕು ಅಂತ ಇಟ್ಬಿಟ್ಟು ಬೋರ್ಡಲ್ಲಿ ಮೂರು ಅಂದ್ರೆ ಯಾರ್ರೀ ಒಪ್ತಾರೆ? ಹೋಗಮ್ಮಾ ನೀನು, ಗಾಡಿ ತಗೋ.”

ನಾನು ಸ್ಟಾರ್ಟ್ ಮಾಡಿದೆ. ನಾಲ್ಕೂ ನಿಂಬೆಹಣ್ಣು ಚೆನ್ನಾಗಿ ಅಪ್ಪಚ್ಚಿಯಾದವು. ಒನ್ ವೇ ಬಾಣದ ಮುಂದೆಯೇ ಹೋಗಿ ಪೋರ್ಟಿಕೊ ಪಕ್ಕ ನಿಲ್ಲಿಸಿ ಬಂದೆ. ಯಾರೂ ತಡೆಯಲಿಲ್ಲ. ಹಿಂದಿ ಮೇಡಮ್ ಮಾತ್ರ “ಅಂತೂ ಪಾಪ, ನಿಮಗೊಂದು ಅನುಕೂಲ ಆಯ್ತು” ಎಂದರು. ಆ ‘ಪಾಪ’ಕ್ಕೆ ಬೈಯಬೇಕೆನಿಸಿತು, ಹಬ್ಬದ ದಿನವೆಂದು ಬಿಟ್ಟೆ.

ರಜೆ ಮುಗಿದು ಕಾಲೇಜು ತೆರೆದ ದಿನ ಹೊಸ ಟೈಮ್ ಟೇಬಲ್ಲೇನೂ ಬಂದಿರಲಿಲ್ಲ. ಮೊದಲ ಪೀರಿಯಡ್ಡು ನನ್ನ ಹೆಸರಿನಲ್ಲೇ ಇತ್ತು. ಪೋರ್ಟಿಕೊದಲ್ಲಿ ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಿ ಹೋದೆ. ಗಂಟೆ ಹೊಡೆಯುವಾಗ ನಾನು ಚಾಕ್‌ಪೀಸು ಹಿಡಿದು ಬೋರ್ಡಿನ ಮುಂದಿದ್ದೆ, ಕ್ಲಾಸಿನಲ್ಲಿ ನಾಲ್ಕೈದು ಜನ ಮಾತ್ರ. ಮಿಕ್ಕವರು ಕ್ಯಾಂಟೀನಿನಲ್ಲಿ ಟೀ ಮುಗಿಸಿ, ಹರಟೆ ಮುಗಿಸಿ, ಮೂರು ತಿಂಗಳ ಅಭ್ಯಾಸದಂತೆ ನಿಧಾನವಾಗಿ ಬಂದರು. ಬಾಗಿಲಲ್ಲಿ ನನ್ನನ್ನು ಕಂಡು ಗಕ್ಕನೆ ನಿಂತರು. ಅರ್ಧ ಬೋರ್ಡು ತುಂಬಿತ್ತು.

“ಸಾರಿ ಮೇಡಮ್,” ಎಂದ ಮುಂದಿದ್ದವನು, “ನೀವು ಇನ್ನೂ ನಡ್ಕೊಂಡು ಬರ್ತಿರ್ತೀರ ಅಂತ...”

ಇಷ್ಟು ದಿನ ತಡವಾಗಿ ಬರುತ್ತಿದ್ದವಳು ನಾನೇ ಆದ್ದರಿಂದ ತಡವಾಗಿ ಬಂದ ಯಾರಿಗೂ ಒಂದು ಮಾತು ಆಡಲು ನನಗೆ ಬಾಯಿರಲಿಲ್ಲ. ಈಗ ಉಸಿರೂ ಇತ್ತು, ಬಾಯೂ ಇತ್ತು. ಗಂಟಲು ಸರಿ ಮಾಡಿಕೊಂಡೆ.

“ಗಂಟೆ ಹೊಡೆದು ಎಷ್ಟೊತ್ತಾಯ್ತು? ಕಾಲೇಜು ಅಂದ್ರೆ ನಿಮ್ಮಪ್ಪನ ಮನೆ ಜಗಲಿ ಅಂದ್ಕೊಂಡಿದ್ದೀರಾ? ಎಲ್ರೂ ಹೊರಗೇ ನಿಂತು ಬರ್ಕೊಳ್ಳಿ!”