ಮೊದಲು ಏಟು, ಆಮೇಲೆ ಮಾತು

ರೇವಪ್ಪ ಮಾಮಾ ನನಗೆ ಪರಿಚಯವಾದದ್ದು ಕಪಾಳಮೋಕ್ಷದ ಮೂಲಕ. ಯಾವೂರು, ಯಾರ ಮಗ ಎಂಬ ಮಾತೆಲ್ಲ ಆಮೇಲೆ ಬಂತು. ಸಂಭಾಜಿನಗರದ ಹತ್ತಿರದ ವಾಳೂಜಿನ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯ ಸರ್ವರ್ ಕೋಣೆಯಲ್ಲಿ, ಯುಪಿಎಸ್ಸಿನ ಬ್ಯಾಟರಿಗಳ ಹಿಂದೆ ಬಿದ್ದ ಸ್ಕ್ರೂಗೆ ನಾನು ಬಗ್ಗಿ ಕೈ ಚಾಚಿದ್ದೆ. ಮುಂಗೈಯಲ್ಲಿ ದಪ್ಪ ಸ್ಟೀಲ್ ಕಡಗ. ಅದನ್ನು ಹಾಕಿಕೊಂಡರೆ ಗಂಡಸಿನಂತೆ ಕಾಣುತ್ತೀ ಎಂದು ನಾಸಿಕದ ಗೆಳೆಯನೊಬ್ಬ ಹೇಳಿದ್ದ. ಪಟೀರನೆ ಏಟು ಬಿತ್ತು. ಕನ್ನಡಕ ಒಂದು ಕಡೆ, ನಾನು ಒಂದು ಕಡೆ, ಗಂಡಸುತನ ಇನ್ನೊಂದು ಕಡೆ.

ನೋವಿಗೆ ನಾನು "ಯವ್ವಾ!" ಎಂದದ್ದೇ ತಡ, ಹೊಡೆದವರ ಮರಾಠಿ ಬೈಗುಳ ನಡುವಿನಲ್ಲೇ ಕನ್ನಡಕ್ಕೆ ತಿರುಗಿತು.

"ನಮ್ಮಾಂವ ಏನು? ಏಳಪಾ. ಆ ಕಡಗ ಬ್ಯಾಟ್ರಿ ಮ್ಯಾಲಿನ ತಾಮ್ರದ ಪಟ್ಟಿಗೆ ತಾಗಿದ್ರ ನಿನ್ನ ಕೈ ಅಲ್ಲೇ ಸುಟ್ಟು ಕರಕಾಗ್ತಿತ್ತು."

"ಬಾಯಿಲೆ ಹೇಳಬಹುದಿತ್ತಲ್ರಿ ಮಾಮಾ!"

ಅವರು ಬಲಗೈ ಎತ್ತಿ ತೋರಿಸಿದರು. ಮೂರೇ ಬೆರಳು. "ನನಗೂ ಬಾಯಿಲೇನ ಹೇಳಿದ್ರು."

ರೇವಪ್ಪ ಮಾಮಾ ಇಂಡಿ ಕಡೆಯವರು. ಮೀಸೆ ಮೂಡುವ ಮೊದಲೇ ಮಾಲೇಗಾಂವಿನ ಮಗ್ಗಗಳಿಗೆ ಬಂದು, ಅಲ್ಲಿಂದ ವಾಳೂಜಿನ ತಗಡು ಒತ್ತುವ ಪ್ರೆಸ್ ಶಾಪಿಗೆ ಗುತ್ತಿಗೆ ಕೂಲಿಯಾಗಿ ಸೇರಿದವರು. ಒಂದು ದಿನ ತಗಡು ಸರಿಪಡಿಸಲು ಪ್ರೆಸ್ಸಿನೊಳಗೆ ಕೈ ಹಾಕಿದ್ದಾಗ ಪಕ್ಕದವನು "ರೇವಪ್ಪಾ!" ಎಂದು ಕೂಗಿದ. ಇವರು ಯಾಕೆಂದು ಕುತ್ತಿಗೆ ತಿರುಗಿಸಿ ನೋಡಿದರು. ಕುತ್ತಿಗೆ ತಿರುಗಿತು, ಕೈ ಅಲ್ಲೇ ಇತ್ತು, ಪ್ರೆಸ್ ಇಳಿಯಿತು. "ಕೂಗಿದ್ರ ಮನಶ್ಯಾ ಹೊಳ್ಳಿ ನೋಡ್ತಾನ. ಹೊಡದ್ರ ಕೈ ಹಿಂದಕ್ಕ ತೊಗೋತಾನ," ಎಂಬುದು ಅಂದಿನಿಂದ ಅವರು ನಂಬಿದ ಒಂದೇ ಧರ್ಮ. ಎರಡು ಬೆರಳಿನ ಬದಲಿಗೆ ಕಾರ್ಖಾನೆ ಅವರಿಗೆ ಸರ್ವರ್ ಕೋಣೆಯ ಕಾವಲು ಕೊಟ್ಟಿತ್ತು. ಆ ಕೋಣೆಯಲ್ಲಿ ಅವರ ಕೈಯಿಂದ ಏಟು ತಿನ್ನದವರಿರಲಿಲ್ಲ. ಮ್ಯಾನೇಜರ್ ಮಧುಕರ ಸಾಹೇಬರ ಕೈಗೂ ಒಮ್ಮೆ ಬಿದ್ದಿತ್ತು. ಸಾಹೇಬರು ಅದನ್ನು ಯಾರಿಗೂ ಹೇಳಿರಲಿಲ್ಲ, ಆದ್ದರಿಂದ ಎಲ್ಲರಿಗೂ ಗೊತ್ತಿತ್ತು.

ಅತಿ ಹೆಚ್ಚು ತಿಂದವನು ಗೋಪಾಲ, ಅವರ ತಂಗಿಯ ಮಗ. ಅವನೂ ಅದೇ ಪ್ರೆಸ್ ಶಾಪಿನಲ್ಲಿ ಗುತ್ತಿಗೆ ಕೂಲಿ. ಗಂಡನಿಲ್ಲದ ಮಾಳವ್ವ ಮಗನನ್ನು ಅಣ್ಣನ ಜೊತೆ ಬಸ್ ಹತ್ತಿಸುವಾಗ ಒಂದೇ ಮಾತು ಕೇಳಿದ್ದಳಂತೆ: "ಅಣ್ಣಾ, ನನ್ನ ಮಗನ್ನ ಎರಡೂ ಕೈ ಇದ್ದಂಗ ಹೊಳ್ಳಿ ಕಳಿಸು." ಮಾಮಾ ಊಟದ ಬಿಡುವಿನಲ್ಲಿ ಪ್ರೆಸ್ ಶಾಪಿಗೆ ಹೋಗಿ, ಗೋಪಾಲನ ಕೈ ಎಲ್ಲಿದೆ ನೋಡಿ, ಕಾರಣವಿದ್ದರೆ ಒಂದು, ಇಲ್ಲದಿದ್ದರೆ ಮುಂಗಡವಾಗಿ ಒಂದು ಕೊಟ್ಟು ಬರುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ನಾಸಿಕದ ಕಂಪನಿಯ ಪರವಾಗಿ, ಕಾರ್ಖಾನೆಯ ಲೆಕ್ಕಪತ್ರವೆಲ್ಲ ಇರುವ ಹಳೆಯ ಡಿಸ್ಕುಗಳನ್ನು ತೆಗೆದು ಎಸ್‌ಎಎಸ್ ಎಂಬ ಹೊಸ ಬಗೆಯ ಡಿಸ್ಕುಗಳ ಪೆಟ್ಟಿಗೆ ಕೂರಿಸಲು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿರುವ ನನ್ನಪ್ಪ ಇದನ್ನು "ಪ್ಲಗ್ಗು ಚುಚ್ಚೋ ಕೆಲಸ" ಎನ್ನುತ್ತಾರೆ. ಅಪ್ಪನಿಗೆ ವಿಮಾನ ಬಿಟ್ಟು ಉಳಿದದ್ದೆಲ್ಲ ಪ್ಲಗ್ಗೇ. ಹಳೆಯದರಲ್ಲಿ ಎಲ್ಲ ಡಿಸ್ಕುಗಳೂ ಒಂದೇ ಅಗಲ ಪಟ್ಟಿ ಕೇಬಲ್ಲಿಗೆ ಜೋತುಬಿದ್ದಿರುತ್ತಿದ್ದವು. ಒಂದು ಕೆಟ್ಟು ಹಟ ಹಿಡಿದರೆ ಉಳಿದವೂ ನಿಂತುಬಿಡುತ್ತಿದ್ದವು. ಹೊಸದರಲ್ಲಿ ಪ್ರತಿ ಡಿಸ್ಕಿಗೂ ಅದರದೇ ತೆಳು ತಂತಿ. ಅದೂ ಎರಡೆರಡು ದಾರಿ, ಒಂದು ಮುಚ್ಚಿದರೆ ಇನ್ನೊಂದು.

"ಅಂದ್ರ ಎಲ್ಲಾ ಮಗ್ಗಕ್ಕ ಸೇರಿ ಇದ್ದ ಒಂದ ಪಟ್ಟಾ ಹೋತು, ಮಗ್ಗಕ್ಕೊಂದು ಮೋಟಾರ್ ಬಂತು ಅನ್ನು," ಎಂದರು ಮಾಮಾ.

"ಅಷ್ಟೇ ಅಲ್ರಿ, ನೋಡ್ರಿಲ್ಲಿ," ಎಂದು ನಾನು ಓಡುತ್ತಿದ್ದ ಪೆಟ್ಟಿಗೆಯ ಮುಂದೆ ನಿಂತು, ಒಂದು ಡಿಸ್ಕಿನ ಹಿಡಿಕೆ ಒತ್ತಿ ಅದನ್ನು ಹಲ್ಲು ಕಿತ್ತಂತೆ ಹೊರಗೆಳೆದೆ. ಏನೂ ನಿಲ್ಲಲಿಲ್ಲ. ಅಲ್ಲಿ ಒಂದು ಹಳದಿ ದೀಪ ಹತ್ತಿತು, ಅಷ್ಟೆ. ನನ್ನ ಬದುಕಿನಲ್ಲಿ ನನಗೆ ಬರುವ ಜಾದೂ ಇದೊಂದೇ. ಇದನ್ನು ಮಾಡದೆ ನಾನು ಯಾವ ಊರಿನಿಂದಲೂ ಹಿಂದಿರುಗಿದವನಲ್ಲ. ಮಾಮಾ ಡಿಸ್ಕನ್ನು ಎಡಗೈಯಲ್ಲಿ ತೂಗಿ ನೋಡಿದರು. "ವಜ್ಜ ಅದ. ಕಲ್ಲಿದ್ದಂಗ ಅದ," ಎಂದು ತಾವೇ ಒಳಗೆ ತಳ್ಳಿದರು.

ಅದೇ ವಾರ ಗೇಟಿನಲ್ಲಿ ಗುತ್ತಿಗೆ ಕೂಲಿಗಳ ಕಾರ್ಡು ಕೆಲಸ ಮಾಡುವುದು ನಿಂತಿತು. ಎಲ್ಲರದಲ್ಲ. ಕಾಯಂ ಮಾಡಿ ಎಂದು ಗೋಪಾಲನ ಜೊತೆ ಅರ್ಜಿ ಕೊಟ್ಟಿದ್ದವರದು ಮಾತ್ರ. ಮಧುಕರ ಸಾಹೇಬರು ಗೇಟಿನ ಆಚೆಗೆ ನಿಂತವರಿಗೆ ಹೇಳಿದರು, ಹೊಸ ಮಷೀನು ಬಂದಿದೆ, ನಿಮ್ಮ ಹೆಸರನ್ನೆಲ್ಲ ಅದು ತಿಂದುಹಾಕಿದೆ, ನಾವೇನು ಮಾಡೋಣ? ಪಾಪ, ನನ್ನ ಪೆಟ್ಟಿಗೆ ಒಂದಕ್ಷರವನ್ನೂ ತಿಂದಿರಲಿಲ್ಲ. ನಾನು ಹಾಗೆಂದು ಸಾಹೇಬರಿಗೆ ಹೇಳಲು ಹೋದೆ. ಅವರು ನನ್ನ ಮುಖ ನೋಡಿದರು. ನಾನು ಚಹಾ ಚೆನ್ನಾಗಿದೆ ಎಂದು ಹೇಳಿ ಬಂದೆ.

ಮರುದಿನ ಮಧ್ಯಾಹ್ನ ಗೇಟು ಮುರಿದು ಬಿತ್ತು.

ಮೊದಲು ಕಾವಲುಗಾರನೊಬ್ಬ ತಲೆಯಿಂದ ರಕ್ತ ಸುರಿಸುತ್ತ ಕಾರಿಡಾರಿನಲ್ಲಿ ಓಡಿಬಂದ. ಅವನ ಹಿಂದೆ ಗಾಜು ಒಡೆಯುವ ಸದ್ದು, ಕಲ್ಲು, "ಫೋಡಾ! ಫೋಡಾ!", ಒಡೆಯಿರಿ ಎಂಬ ಮರಾಠಿ ಕೂಗು. ಆಫೀಸಿನ ಗುಮಾಸ್ತನನ್ನು ಯಾರೋ ಮೆಟ್ಟಿಲ ಮೇಲಿನಿಂದ ದೂಡಿದ್ದು, ಅವನ ಗದ್ದ ಮೆಟ್ಟಿಲಿಗೆ ಬಡಿದದ್ದು ಬಾಗಿಲ ಸಂದಿಯಿಂದ ಕಂಡಿತು. ಯಾರೋ ಮುಖ್ಯ ಸ್ವಿಚ್ಚು ಆರಿಸಿದರು. ಕಿಟಕಿಯಿಲ್ಲದ ನಮ್ಮ ಕೋಣೆ ಕತ್ತಲಾಯಿತು. ಯುಪಿಎಸ್ ಕೀಂಯ್ ಎಂದು ಅಳತೊಡಗಿತು, ಡಿಸ್ಕುಗಳ ಹಸಿರು ದೀಪಗಳು ಮಾತ್ರ ಮಿಣುಕುತ್ತಿದ್ದವು.

ಇಂಥ ಹೊತ್ತಿನಲ್ಲಿ ಕಂಪನಿಯ ಆಸ್ತಿಯನ್ನು ಕಾಯುವುದು ನನ್ನ ಕರ್ತವ್ಯ. ನಾನು ಡಿಸ್ಕಿನ ಪೆಟ್ಟಿಗೆ ಬಂದಿದ್ದ ದೊಡ್ಡ ರಟ್ಟಿನ ಡಬ್ಬದೊಳಗೆ ಹೊಕ್ಕು ಥರ್ಮಾಕೋಲನ್ನು ತಲೆಯ ಮೇಲೆ ಎಳೆದುಕೊಂಡೆ. ಡಬ್ಬದ ಮೇಲೆ "ಜೋಪಾನ, ಒಡೆಯುವ ವಸ್ತು" ಎಂದು ಬರೆದಿತ್ತು. ಸತ್ಯವೇ. ಹಿಡಿಕೆಗೆಂದು ಕೊರೆದ ತೂತಿಗೆ ಒಂದು ಕಣ್ಣಿಟ್ಟೆ.

ಮೂರನೆಯ ಒದೆತಕ್ಕೆ ಬಾಗಿಲು ಕಿತ್ತುಬಂತು. ಮುಂದೆ ಗೋಪಾಲ, ಕೈಯಲ್ಲಿ ಎದೆಯುದ್ದದ ಕಬ್ಬಿಣದ ಪೈಪು.

"ಮಾಮಾ, ಬಾಜೂಲಾ ಹೋ, ಸರಿ ಆ ಕಡೆ! ನಿನಗ ಹೊಡೆಯೂದಿಲ್ಲ. ಹೆಸರು ತಿಂದ ಮಷೀನ್ ಯಾವುದು ತೋರ್ಸು."

"ನಡಿ ಮನಿಗೆ."

"ಯಾವ ಮನಿ? ನನ್ನ ಹೆಸರ ಇಲ್ಲಂತ ಇದರಾಗ!"

ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಜೋರಾಗಿ ಅಳುತ್ತಿದ್ದದ್ದು ಯುಪಿಎಸ್. ಅದರ ಪಕ್ಕದಲ್ಲಿ, ಮುಚ್ಚಳ ಎಂದೋ ಕಳೆದುಹೋಗಿದ್ದ ಸಾಲು ಬ್ಯಾಟರಿಗಳು, ಅವುಗಳ ಮೇಲೆ ಬೆತ್ತಲೆ ತಾಮ್ರದ ಪಟ್ಟಿಗಳು. ಹೆಸರು ತಿಂದ ಮಷೀನು ಅದೇ ಎಂದುಕೊಂಡ ಗೋಪಾಲ. "ಲೈಟ್ ಗೇಲೀ, ಭಿಊ ನಕೋ!" ಎಂದ ಹಿಂದಿನವನೊಬ್ಬ. ಕರೆಂಟು ಹೋಗಿದೆ, ಹೆದರಬೇಡ. ಮುಖ್ಯ ಸ್ವಿಚ್ಚು ಆರಿಸಿದರೆ ಬ್ಯಾಟರಿ ಸಾಯುವುದಿಲ್ಲ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಅವರಲ್ಲಿ ಒಬ್ಬ ಡಬ್ಬದೊಳಗಿದ್ದ. ಆ ಪೈಪು ತಾಮ್ರದ ಮೇಲೆ ಅಡ್ಡ ಬಿದ್ದರೆ ಕಿಡಿಯಲ್ಲ, ಬೆಂಕಿಯ ಉಂಡೆಯೇ ಏಳುತ್ತದೆ. ಹಿಡಿದವನ ಕೈ, ಮುಖ, ಉಸಿರು ಯಾವುದೂ ಉಳಿಯುವುದಿಲ್ಲ.

ಗೋಪಾಲ ಪೈಪನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿದ.

ಮಾಮಾ ಕೂಗಲಿಲ್ಲ. ಅವರ ಎಡಗೈ ಹಿಂದಕ್ಕೆ ಹೋಯಿತು, ಹಿಡಿಕೆ ಒತ್ತಿತು, ಓಡುತ್ತಿದ್ದ ಪೆಟ್ಟಿಗೆಯಿಂದ ಒಂದು ಡಿಸ್ಕು ನನ್ನ ಜಾದೂವಿನಂತೆಯೇ ಹೊರಬಂತು. ಅದನ್ನು ಅವರು ಕಲ್ಲಿನಂತೆ ಬೀಸಿ ಗೋಪಾಲನ ಮುಂಗೈ ಮೇಲಿನ ಎಲುಬಿಗೆ ಹೊಡೆದರು. ಕಬ್ಬು ಮುರಿದಂಥ ಸದ್ದು. ಪೈಪು ಬ್ಯಾಟರಿಯಿಂದ ಗೇಣುದ್ದ ಈಚೆ ನೆಲಕ್ಕೆ ಬಿತ್ತು. ಗೋಪಾಲ ಎಡಗೈಯಿಂದ ಪೈಪಿಗೆ ಬಗ್ಗಿದ. ಮಾಮಾ ಅದೇ ಡಿಸ್ಕಿನಿಂದ ಅವನ ಭುಜಕ್ಕೆ ಇನ್ನೊಂದು ಕೊಟ್ಟು, ಕೊರಳಪಟ್ಟಿ ಹಿಡಿದು ಬಾಗಿಲಾಚೆ ಎಸೆದರು.

ಆಮೇಲೆ ಉಳಿದವರು ಮಾಮಾನ ಮೇಲೆ ಬಿದ್ದರು. ಕಾಲಿನಿಂದ, ಕುರ್ಚಿಯ ಕಾಲಿನಿಂದ, ಹೆಲ್ಮೆಟ್ಟಿನಿಂದ ಹೊಡೆದರು. ಕಿವಿಗೆ ಬಿದ್ದ ಏಟಿಗೆ ರಕ್ತ ನನ್ನ ಡಬ್ಬದ ತೂತಿನವರೆಗೂ ಸಿಡಿಯಿತು. ಮಾಮಾ ಬ್ಯಾಟರಿಗಳಿಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ ನಿಂತಿದ್ದರು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೂ ಅವರೇ ಸುಡುತ್ತಿದ್ದರು. ಇಡಲಿಲ್ಲ. ಬಾಗಿಲಾಚೆಯಿಂದ ಗೋಪಾಲ "ಪುರೇ! ಮಾಮಾ ಆಹೇ ಮಾಝಾ! ಪುರೇ!" ಎಂದು ಅರಚುತ್ತಿದ್ದ. ಸಾಕು, ಅವರು ನನ್ನ ಸೋದರಮಾವ, ಎಂದು. ಪೊಲೀಸರ ಲಾಠಿ ಬಂದ ಮೇಲೆ ಗುಂಪು ಚದುರಿತು. ಪೊಲೀಸರು ನನ್ನನ್ನೂ ದಂಗೆಕೋರನೆಂದುಕೊಂಡು ಡಬ್ಬದ ಮೇಲಿಂದಲೇ ಎರಡು ಬಾರಿಸಿದರು.

ಮಾಮಾ ಆಸ್ಪತ್ರೆ ಸೇರಿದರು. ಪಕ್ಕೆಲುಬು ಮುರಿದಿತ್ತು, ಬಲಗಿವಿ ಹೋಗಿತ್ತು. ಎದುರಿನ ಮಂಚದಲ್ಲಿ ಗೋಪಾಲ, ಪೊಲೀಸ್ ಪಹರೆಯಲ್ಲಿ, ಮಾವನ ಕಡೆಗೆ ಬೆನ್ನು ತಿರುಗಿಸಿ ಮಲಗಿದ್ದ. ಮಧುಕರ ಸಾಹೇಬರು ಹಣ್ಣಿನ ಚೀಲ ಹಿಡಿದು ಬಂದರು. ಗೋಪಾಲ ಮಷೀನು ಒಡೆಯಲು ಬಂದ, ತಡೆದ ನನ್ನನ್ನು ಹೊಡೆಸಿದ ಎಂದು ಹೇಳಿಕೆ ಕೊಡು, ನೀನು ಕಾಯಂ, ಎಂದು ಮಾಮಾನಿಗೆ ಹೇಳಿದರು. ಪೊಲೀಸ್ ಫೌಜದಾರರು ಕೇಳಿದಾಗ ಮಾಮಾ ಹೇಳಿದ್ದು ಇಷ್ಟೇ:

"ಮೊದಲು ಹೊಡದಾಂವ ನಾನರಿ. ಅಂವ ನನ್ನ ತಂಗಿ ಮಗ. ನಮ್ಮ ಮನಿ ಜಗಳ ಇತ್ತು, ನನ್ನ ಹುಡಿಕ್ಕೊಂಡು ಬಂದಿದ್ದ."

"ಮತ್ತ ಪೈಪು?"

"ಪೈಪು ನಾ ನೋಡಿಲ್ಲ."

ನನ್ನನ್ನೂ ಕೇಳಿದರು. ಡಬ್ಬದೊಳಗಿಂದ ಏನೂ ಕಾಣಲಿಲ್ಲ ಎಂದೆ. ನನ್ನ ಹೇಡಿತನವನ್ನು ಯಾರೂ ಅನುಮಾನಿಸಲಿಲ್ಲ. ಅದು ಮೊದಲ ಸಲ ಉಪಯೋಗಕ್ಕೆ ಬಂತು. ಗೋಪಾಲನ ಮೇಲಿನ ಕೇಸು ಬಿದ್ದುಹೋಯಿತು. ಮಾಮಾನ ಕೆಲಸವೂ ಹೋಯಿತು. ನನ್ನ ಪೆಟ್ಟಿಗೆ ಕಿತ್ತುಹೋದ ಡಿಸ್ಕಿನ ಪಾಲನ್ನು ಮೀಸಲು ಡಿಸ್ಕಿನ ಮೇಲೆ ತಾನೇ ಬರೆದುಕೊಂಡು ಸಂಜೆಯೊಳಗೆ ಸರಿಹೋಗಿತ್ತು. ಎಲುಬಿಗೆ ಅಂಥ ವ್ಯವಸ್ಥೆ ಇಲ್ಲ. ಗೋಪಾಲನ ಕೈ ಸೊಟ್ಟಗೇ ಕೂಡಿತು.

ಅವರಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಇಂಡಿಯಿಂದ ಮಾಳವ್ವ ಬಂದಳು. ಬಂದವಳೇ ಅಣ್ಣನ ಕೆನ್ನೆಗೆ ಒಂದು ಬಿಗಿದಳು. ಮನೆತನದ ಗುಣವಿರಬೇಕು. ಆಮೇಲೆ ಮಗನ ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಬೆರಳುಗಳನ್ನು ಒಂದೊಂದೇ ಮುಟ್ಟಿದಳು.

"ಇವನ್ನ ಕೇಳು, ಆ ಬ್ಯಾಟ್ರಿಗೆ ಪೈಪು ತಾಗಿದ್ರ ಏನಾಕ್ಕಿತ್ತು," ಎಂದರು ಮಾಮಾ, ನನ್ನ ಕಡೆ ತೋರಿಸಿ. ನಾನು ಹೇಳಿದೆ. ಅಲಂಕಾರವಿಲ್ಲದೆ ಹೇಳಿದೆ. ಗೋಪಾಲ ಗೋಡೆ ನೋಡುತ್ತಲೇ ಕೇಳಿಸಿಕೊಂಡ.

"ಕೈ ಮುರದದ," ಎಂದಳು ಮಾಳವ್ವ. "ಆದ್ರ ಅದ."

ಈಗ ದೌಲತಾಬಾದ್ ಕೋಟೆಯ ರಸ್ತೆಯಲ್ಲಿ ಮಾವ ಅಳಿಯ ಇಬ್ಬರದೂ ಒಂದು ರಸವಂತಿ ಇದೆ. ಕಬ್ಬಿನ ಹಾಲಿನ ಅಂಗಡಿ. ಹೋದ ಬೇಸಿಗೆ ಕೆಲಸದ ಮೇಲೆ ಸಂಭಾಜಿನಗರಕ್ಕೆ ಹೋದಾಗ ಅಲ್ಲಿಗೂ ಹೋದೆ. ಮಾಮಾ ಎಡಗಿವಿಯನ್ನು ಮುಂದೆ ಚಾಚಿ ಗಿರಾಕಿಗಳ ಮಾತು ಕೇಳುತ್ತಿದ್ದರು. ಗೋಪಾಲ ಸೊಟ್ಟ ಕೈಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದ. ನಾನು ಬಂದಾಗಿನಿಂದ ಇಬ್ಬರೂ ಪರಸ್ಪರ ಒಂದು ಮಾತೂ ಆಡಿರಲಿಲ್ಲ.

ಉರುಳೆಗಳ ನಡುವೆ ಒಂದು ಸಿಪ್ಪೆ ಸಿಕ್ಕಿಕೊಂಡಿತ್ತು. ಸಹಾಯ ಮಾಡುವ ಚಪಲ ನನಗೆ. ತೆಗೆಯಲು ಕೈ ಚಾಚಿದೆ.

ಪಟೀರನೆ ಬಿತ್ತು. ಕನ್ನಡಕ ರಸದ ಬಕೆಟ್ಟಿನಲ್ಲಿ.

ಮಾಮಾ ದೂರದಲ್ಲಿ ಗ್ಲಾಸು ತೊಳೆಯುತ್ತಿದ್ದರು. ಹೊಡೆದವನು ಗೋಪಾಲ, ಅದೇ ಸೊಟ್ಟ ಕೈಯಲ್ಲಿ. ಮಾಮಾ ತಿರುಗಿ ನೋಡಿದರು. ನನ್ನ ಹತ್ತೂ ಬೆರಳು ನೋಡಿದರು, ಅಳಿಯನ ಕೈ ನೋಡಿದರು, ಮತ್ತೆ ಗ್ಲಾಸು ತೊಳೆಯತೊಡಗಿದರು.

"ಸಾಹೇಬ್ರಿಗೆ ಒಂದು ಗ್ಲಾಸ್ ಕೊಡೋ ಗೋಪ್ಯಾ," ಎಂದರು. "ಬರ್ಫ್ ಹಾಕು. ಕೆನ್ನೀಗೂ ಆಗ್ತದ."

"ಹೂಂ, ಮಾಮಾ," ಎಂದ ಗೋಪಾಲ.