ಕೂಸು ಹೊತ್ತವರ ಪಟ್ಟಿ

ಬದರುನ್ನಿಸಾ ಆಳಂದದವಳು, ಐದು ಮಕ್ಕಳಲ್ಲಿ ಕೊನೆಯವಳು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಎರಡೂ ಅವಳ ನಾಲಿಗೆಗೆ ಸಲೀಸು. ೧೯೭೬ರಲ್ಲಿ ಅವಳಿಗೆ ನೌಕರಿ ಸಿಕ್ಕಿದ್ದು ನಿಂಬರ್ಗಾದ ಆಚೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ಮೊದಲ ದಿನವೇ ಊರಿನ ಹಿರಿಯರೊಬ್ಬರು ಕೇಳಿದರು, "ಅಕ್ಕೋರಿಗೆ ಕನ್ನಡ ಬರ್ತದೇನ್ರಿ?"

"ನಿಮ್ಮ ಮಕ್ಕಳಿಗೂ ಬರೋ ಹಂಗ ಮಾಡ್ತೇನಿ ಬಿಡ್ರಿ" ಎಂದು ನಕ್ಕಳು.

ಮಾತು ಆಡಿದಷ್ಟು ಸುಲಭವಿರಲಿಲ್ಲ. ಮೂರನೇ ವರ್ಷ ನಾಲ್ಕನೇ ತರಗತಿಯ ಪರೀಕ್ಷೆಗೆ ಇಪ್ಪತ್ತೊಂಬತ್ತು ಮಕ್ಕಳು ಕೂತು, ಹನ್ನೊಂದು ಮಕ್ಕಳಷ್ಟೇ ಪಾಸಾದರು. ತಾಲೂಕಿನಿಂದ ಒಂದು ಫಾರ್ಮು ಬಂತು: ಮಗುವಿನ ಹೆಸರು, ಜಾತಿ, ತಂದೆಯ ಕಸುಬು, ಪಾಸೋ ಫೇಲೋ. ಅಕ್ಷರ ಚೆಂದ ಎಂದು ಹೆಡ್ಮಾಸ್ತರ ಹಣಮಂತರಾಯರು ಅದನ್ನು ಬದರುನ್ನಿಸಾಳ ಕೈಗೇ ಕೊಟ್ಟರು.

"ಇದರಾಗ ಹೊಸಾದೇನದ ಅಕ್ಕೋರ? ಕೂಲಿಯವರ ಮಕ್ಕಳು ಫೇಲ್ ಆಗ್ತಾವ, ಅಷ್ಟ. ಬರದು ಕಳಸ್ರಿ" ಎಂದರು. ಕೆಟ್ಟ ಮನುಷ್ಯನಲ್ಲ, ಇಪ್ಪತ್ತು ವರ್ಷದಿಂದ ಹಾಗೆ ನಂಬಿದ್ದರು.

ಬರೆಯುತ್ತ ಹೋದರೆ ಆ ಮಾತಿಗೂ ಪಟ್ಟಿಗೂ ತಾಳೆಯಾಗಲೊಲ್ಲದು. ಅವರಿವರ ಹೊಲದಲ್ಲಿ ದುಡಿಯುವ ಹುಲೆಪ್ಪನ ಮಗ ತರಗತಿಗೇ ಎರಡನೆಯವನು. ಹನ್ನೆರಡು ಎಕರೆ ತೊಗರಿ ಹೊಲದ ಚಂದ್ರಾಮಪ್ಪನ ಮಗಳು ಗುರುಶಾಂತಮ್ಮ ಫೇಲು. ಮುಸಲ್ಮಾನರಲ್ಲಿ ಪಾಸಾದವರೂ ಇದ್ದರು, ಫೇಲಾದವರೂ ಇದ್ದರು. ಲಿಂಗಾಯತರಲ್ಲೂ ಹಾಗೇ, ಪರಿಶಿಷ್ಟರಲ್ಲೂ ಹಾಗೇ. ಹಾಗಾದರೆ ಫೇಲಾಗುವವರು ಯಾರು? ನಾಲ್ಕು ದಿನ ಫಾರ್ಮು ಅವಳ ಚೀಲದಲ್ಲೇ ಉಳಿಯಿತು.

ಐದನೆಯ ದಿನ ಉಕ್ತಲೇಖನ ಹೇಳುತ್ತಿದ್ದಳು. ಅದೇ ತರಗತಿಯಲ್ಲಿ ಮತ್ತೆ ಕೂತಿದ್ದ ಗುರುಶಾಂತಮ್ಮನ ಮೇಲೆ ಕಣ್ಣು ಬಿತ್ತು. ಅವ್ವ ಹೊಲಕ್ಕೆ ಕಸ ತೆಗೆಯಲು ಹೋಗಿದ್ದಳು, ವರ್ಷದ ತಮ್ಮ ಇವಳ ತೊಡೆಯ ಮೇಲಿದ್ದ. ಎಡಗೈ ಅವನ ಹೊಟ್ಟೆ ಸುತ್ತ, ಬಲಗೈಯಲ್ಲಿ ಬಳಪ. ಬರೆದ ಸಾಲಿನ ಮೇಲೆ ಕೂಸು ಅಂಗೈ ಆಡಿಸಿತು. ಹುಡುಗಿ ಸಿಟ್ಟಾಗಲಿಲ್ಲ, ಮತ್ತೆ ಬರೆದಳು. ಅಷ್ಟರಲ್ಲಿ ಉಳಿದವರು ಮೂರು ಸಾಲು ಮುಂದೆ ಹೋಗಿದ್ದರು.

ಮೂರು ವರ್ಷದಿಂದ ಬದರುನ್ನಿಸಾ ಇದನ್ನು ದಿನಾ ನೋಡುತ್ತಿದ್ದಳು. ಅದಕ್ಕೇ ಕಂಡಿರಲಿಲ್ಲ. ಬಿಡುವಿನ ಹೊತ್ತಿನಲ್ಲಿ ಫಾರ್ಮಿನ ಅಂಚಿಗೆ ಗೆರೆ ಎಳೆದು ಹೊಸ ಕಾಲಮು ಮಾಡಿದಳು: ಕೂಸು. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಒಬ್ಬೊಬ್ಬರನ್ನೇ ನೆನೆದು ಗುರುತು ಹಾಕಿದಳು. ಫೇಲಾದ ಹದಿನೆಂಟರಲ್ಲಿ ಹನ್ನೆರಡು ಮಕ್ಕಳು ಕೂಸು ಹೊತ್ತು ಬರುವವರು. ಪಾಸಾದ ಹನ್ನೊಂದರಲ್ಲಿ ಒಬ್ಬಳೇ.

ಆ ಭಾನುವಾರ ಆಳಂದಕ್ಕೆ ಹೋದಳು. ಅಕ್ಕ ಶರೀಫಾಬಿ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು.

"ಆಪಾ, ನೀ ಮೂರನೇತ್ತಿಗೇ ಸಾಲಿ ಯಾಕ ಬಿಟ್ಟಿ?"

"ನೀ ಭಾಳ ಅಳತಿದ್ದಿ" ಎಂದಳು ಶರೀಫಾಬಿ, ಕೈ ನಿಲ್ಲಿಸದೆ. "ಕೂಸಿನ್ನ ಹೊರಗ ಒಯ್ಯಿ ಅಂದ್ರು ಮಾಸ್ತರು. ಒಯ್ದೆ. ಮತ್ತ ಒಳಗ ಹೋಗಲಿಲ್ಲ."

ಆ ಮಾತಿನಲ್ಲಿ ದೂರಿನ ಎಳೆಯೂ ಇರಲಿಲ್ಲ. ಬದರುನ್ನಿಸಾ ಮೊರದ ಇನ್ನೊಂದು ಬದಿಗೆ ಕೂತು ತಾನೂ ಕಲ್ಲು ಆರಿಸತೊಡಗಿದಳು.

ಸೋಮವಾರ ಪಟ್ಟಿ ನೋಡಿದ ಹಣಮಂತರಾಯರು ಆ ಗುರುತುಗಳನ್ನು ಎರಡು ಸಲ ಎಣಿಸಿದರು. "ಕೂಸು ತರಬ್ಯಾಡ್ರಿ ಅಂತ ಹೇಳಿಬಿಡೋಣು" ಎಂದರು.

"ಹಂಗಂದ್ರ ಕೂಸಿನ ಕೂಡ ಹುಡುಗೀನೂ ಬರೂದಿಲ್ರಿ."

"ಸಾಲಿ ಅಂದ್ರ ತೊಟ್ಲಾ ತೂಗೋ ಮನಿ ಅಲ್ಲ ಅಕ್ಕೋರ!"

"ಒಳಗ ಬ್ಯಾಡ್ರಿ. ಹೊರಗ ಬೇವಿನ ಗಿಡದ ಬುಡಕ ತೂಗೋಣ್ರಿ."

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬೇಡ ಎನ್ನುವುದು ಹೇಗೆ?

ಶಾಲೆಯ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಕಾಶಿಬಾಯಿ ಎಂಬ ಮುದುಕಿಯಿದ್ದಳು. ಮಕ್ಕಳ ಗದ್ದಲಕ್ಕೆ ದಿನಾ ಬೈಯುವುದೇ ಅವಳ ಕೆಲಸ. ಬದರುನ್ನಿಸಾ ಅವಳ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಮುದುಕಿ ಬಾಯಿತುಂಬ ಬೈದಳು. ಮರುದಿನ ಮುಂಜಾನೆ ನೋಡಿದರೆ ತನ್ನ ಹಳೆಯ ಸೀರೆಗಳನ್ನು ತಂದು ಬೇವಿನ ಕೊಂಬೆಗೆ ಕೂಸು ತೂಗುವ ಜೋಳಿಗೆ ಕಟ್ಟುತ್ತಿದ್ದಳು. ಕೂಸಿನ ತಾಯಂದಿರು ದಿನಾ ಅವಳಿಗೆ ಮನೆಗೊಂದು ರೊಟ್ಟಿ ಕಳಿಸುವುದೆಂದು ಮಾತಾಯಿತು.

ಮೊದಲ ವಾರವೇ ಗುಜುಗುಜು ಎದ್ದಿತು. ಎಲ್ಲ ಜಾತಿಯ ಕೂಸುಗಳನ್ನು ಒಂದೇ ಜೋಳಿಗೆಗೆ ಹಾಕುತ್ತಾಳೆಂದು ನಾಲ್ಕು ಹೆಂಗಸರು ಜಗಳಕ್ಕೆ ಬಂದರು. ಕಾಶಿಬಾಯಿ ತೂಗುತ್ತಲೇ ಅಂದಳು, "ಅಳೋದರಾಗ ಯಾವ ಜಾತಿ ಅಂತ ಗುರ್ತಾ ಹಿಡೀರಿ ನೋಡೋಣು. ಹಿಡದ್ರ ಬ್ಯಾರೆ ಬ್ಯಾರೆ ತೂಗ್ತೇನಿ." ಇಬ್ಬರು ತಮ್ಮ ಕೂಸುಗಳನ್ನು ಎತ್ತಿಕೊಂಡು ಹೋದರು. ಒಬ್ಬಳು ತಿಂಗಳೊಳಗೆ ಮರಳಿ ತಂದಳು, ಇನ್ನೊಬ್ಬಳು ತರಲೇ ಇಲ್ಲ.

ಎಲ್ಲವೂ ಸರಿಹೋಯಿತೆಂದಲ್ಲ. ತೊಗರಿ ರಾಶಿಯ ಕಾಲಕ್ಕೆ ಅರ್ಧ ಶಾಲೆ ಹೊಲದಲ್ಲೇ ಇರುತ್ತಿತ್ತು. ಅದಕ್ಕೆ ಬದರುನ್ನಿಸಾಳ ಬಳಿ ಮದ್ದಿರಲಿಲ್ಲ. ರಾಶಿ ಮುಗಿದ ಮೇಲೆ ಸಂಜೆ ಒಂದು ತಾಸು ಹೆಚ್ಚು ಕಲಿಸಿ, ನಿಂಬರ್ಗಾದ ತನ್ನ ಬಾಡಿಗೆ ಕೋಣೆಗೆ ಮರಳಲು ಕಡೆಯ ಬಸ್ಸಿಗೆ ಓಡುತ್ತಿದ್ದಳು. ಆ ವರ್ಷ ಮೂವತ್ತೊಂದರಲ್ಲಿ ಇಪ್ಪತ್ತಮೂರು ಮಕ್ಕಳು ಪಾಸಾದರು. ಗುರುಶಾಂತಮ್ಮ ಲೆಕ್ಕದಲ್ಲಿ ತರಗತಿಗೇ ಮೊದಲು.

ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದವರು ಫಲಿತಾಂಶ ನೋಡಿ ಹುಬ್ಬೇರಿಸಿದರು. ಹಣಮಂತರಾಯರು ತಮ್ಮ ಹೆಸರು ಹೇಳಿಕೊಳ್ಳಲಿಲ್ಲ. "ಅಕ್ಕೋರನ್ನ ಕೇಳ್ರಿ" ಎಂದುಬಿಟ್ಟರು. ಬದರುನ್ನಿಸಾ ಗೆರೆ ಎಳೆದ ಪಟ್ಟಿಯನ್ನು ಸಾಹೇಬರ ಮುಂದಿಟ್ಟಳು.

"ಇದ್ಯಾವ ಕಾಲಮು? ಸರ್ಕಾರದ ಫಾರ್ಮಿನಾಗ ಇಲ್ಲಲ್ಲ?"

"ಫಾರ್ಮಿನಾಗ ಇಲ್ರಿ ಸಾಹೇಬ್ರ. ಮಕ್ಕಳ ಬಗಲಾಗ ಅದರಿ."

೧೯೮೫ರಲ್ಲಿ ಬದರುನ್ನಿಸಾಳಿಗೆ ಅಫಜಲಪುರ ತಾಲೂಕಿಗೆ ವರ್ಗವಾಯಿತು. ಹೊರಟ ದಿನ ಹೆಂಗಸರು ಬಸ್ಸಿನ ದಾರಿಯವರೆಗೆ ಬಂದು ಉಡಿ ತುಂಬಿದರು. ಕಾಶಿಬಾಯಿ ಬರಲಿಲ್ಲ, ಕೂಸುಗಳನ್ನು ಯಾರು ನೋಡಬೇಕು ಎಂದು ಹೇಳಿ ಕಳಿಸಿದಳು.

ಹೊಸ ಶಾಲೆ ಭೀಮಾ ನದಿಯ ದಂಡೆಯಲ್ಲಿತ್ತು. ಅಲ್ಲಿ ಕೂಸು ಹೊತ್ತು ಬರುವವರು ಕಡಿಮೆ, ಆದರೂ ಲೆಕ್ಕದಲ್ಲಿ ಫೇಲಾಗುವವರು ಬಹಳ. ಬದರುನ್ನಿಸಾ ಒಂದು ತಿಂಗಳು ಬಾಗಿಲಲ್ಲಿ ನಿಂತು ಬರುವವರನ್ನು ನೋಡಿದಳು. ಆಚೆ ದಂಡೆಯ ಮಕ್ಕಳು ದೋಣಿ ದಾಟಿ ಬರುವಷ್ಟರಲ್ಲಿ ಮೊದಲ ತಾಸು ಮುಗಿದಿರುತ್ತಿತ್ತು, ಮೊದಲ ತಾಸು ಲೆಕ್ಕದ್ದು. ಲೆಕ್ಕವನ್ನು ಮಧ್ಯಾಹ್ನಕ್ಕೆ ಹಾಕಿರೆಂದು ಕೇಳಿದಳು. ಅಲ್ಲಿಯ ಹೆಡ್ಮಾಸ್ತರರನ್ನು ಒಪ್ಪಿಸಲು ಅವಳಿಗೆ ಎರಡು ವರ್ಷ ಹಿಡಿಯಿತು.